ತೊಲೆಯ ತುದಿಯ ಆಸನ: ಸಾಫ್ಟ್‌ರೈಡೋ, ಜಿಪ್ 2001ಓ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಏರಿಳಿತದ ರಸ್ತೆಗಳಲ್ಲಿ ಓಡಿಸಲು ಹಳೆಯ ತೊಲೆ ಸೈಕಲ್ಲೊಂದನ್ನು ತರಿಸಿಕೊಳ್ಳಲು ಹೊರಟವರ ಮುಂದೆ ಮುಖ್ಯವಾಗಿ ಬರುವ ಹೆಸರುಗಳು ಸಾಫ್ಟ್‌ರೈಡ್ ಮತ್ತು ಜಿಪ್ 2001, ಇವೆರಡು. ಎರಡರಲ್ಲಿಯೂ ಸೀಟನ್ನು ಕೆಳಗಿನಿಂದ ಹೊರುವ ಕೊಳವೆಯೇ ಇಲ್ಲ. ಮುಂಭಾಗದಿಂದ ಹಿಂದಕ್ಕೆ ಚಾಚಿದ ತೊಲೆಯ ತುದಿಯಲ್ಲಿ ಆಸನ ತೂಗುತ್ತಿರುತ್ತದೆ.

ಸಾಫ್ಟ್‌ರೈಡ್‌ನಲ್ಲಿ ತೊಲೆಯೇ ಸ್ಪ್ರಿಂಗು. ಅದು ಬಾಗಿ ಹೊಂಡದ ಏಟನ್ನು ನುಂಗುವುದರಿಂದ ಮುರಕಲ್ಲಿನ ಒಳದಾರಿಗಳಲ್ಲಿ ಸೊಂಟಕ್ಕೆ ದೊರೆಯುವ ಸುಖ ದೊಡ್ಡದು. ಆದರೆ ಕುಳಿತೊಡನೆ ಸೀಟು ತಗ್ಗುತ್ತದೆ. ಆದ್ದರಿಂದ ಅದರ ಎತ್ತರವನ್ನು ಖಾಲಿ ಸೈಕಲ್ಲಿನಲ್ಲಿ ಅಳೆಯದೆ, ಸವಾರನು ಮೇಲೆ ಕುಳಿತಿರುವಾಗಲೇ ಅಳೆಯಬೇಕು. ಏರಿನಲ್ಲಿ ಜರ್ಕು ಹೊಡೆದು ತುಳಿಯುವವರು ತೊಟ್ಟಿಲಿನಲ್ಲಿರುವಂತೆ ತೂಗಾಡುತ್ತಾರೆ.

1990ರ ದಶಕದ ಜಿಪ್ 2001 ಗಾಳಿಯನ್ನು ಸೀಳುವುದಕ್ಕೆಂದೇ ರೂಪುಗೊಂಡ ಕಾರ್ಬನ್ ಚೌಕಟ್ಟು. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಪಂದ್ಯಕ್ಕೆ ಅದು ಸೊಗಸು, ನಮ್ಮ ಹೊಂಡಗಳಿಗೆ ಅಲ್ಲ. (ಸೈಕಲ್ ಪಂದ್ಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಸಿಐ 2000ದಿಂದ ಇಂಥ ಆಕಾರಗಳನ್ನು ರಸ್ತೆ ಪಂದ್ಯಗಳಿಂದ ಹೊರಗಿಟ್ಟಿತು, ಪೇಟೆಗೆ ಹೋಗಿಬರುವವರಿಗೆ ಆ ಚಿಂತೆಯಿಲ್ಲ.)

ಇವೆರಡೂ ಈಗ ತಯಾರಾಗುತ್ತಿಲ್ಲ, ಬಿಡಿಭಾಗಗಳಿಗೆ ಪರದಾಡಬೇಕು. ಕೊಳ್ಳುವ ಮೊದಲು ತೊಲೆಯ ಉದ್ದಕ್ಕೂ ನಾಣ್ಯದಿಂದ ಮೆಲ್ಲನೆ ತಟ್ಟಿ: ಒಂದೆಡೆ ಟಣ್ಣೆಂದದ್ದು ಇನ್ನೊಂದೆಡೆ ಡಬ್ಬೆಂದರೆ ಪದರ ಬಿಟ್ಟಿರುವ ಶಂಕೆಯಿದೆ. ಬುಡದ ಬೋಲ್ಟುಗಳ ಸುತ್ತ ಕೂದಲೆಳೆಯ ಬಿರುಕೂ ಇರಬಾರದು. ಈ ಪರೀಕ್ಷೆಯಲ್ಲಿ ಪಾಸಾದ, ಲೋಹದ ಚೌಕಟ್ಟಿನ ಸಾಫ್ಟ್‌ರೈಡ್ ಸಿಕ್ಕರೆ ನಾನು ಅದನ್ನೇ ಕೊಳ್ಳುವೆನು.