ತುಮಕೂರು–ಧಾರವಾಡ ಹೈವೇ: ರಸ್ತೆಗೆ ನಾಲ್ಕು ಸ್ಟಾರ್, ನಿಲ್ಲುವ ಜಾಗಕ್ಕೆ ಒಂದೂವರೆ

ಮಗಳು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಈ ರಸ್ತೆ ನಮಗೆ ಮನೆ ಅಂಗಳ ಇದ್ದ ಹಾಗೆ. 2010ರಲ್ಲೇ ಇದರ ನಂಬರು 48 ಆಯಿತು. ನಮ್ಮನೆಯವರ ಬಾಯಲ್ಲಿ ಮಾತ್ರ ಇನ್ನೂ ಎನ್ಎಚ್ ಫೋರೇ.

ಹೊರಡುವುದು ಬೆಳಿಗ್ಗೆ ಆರಕ್ಕೆ, ಅದೂ ಉಲ್ಟಾ ದಿಕ್ಕಿಗೆ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಳ್ಳದೆ ಇವರ ಕಾರು ಶಿರಾ ಕಡೆ ತಿರುಗುವುದೇ ಇಲ್ಲ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಕಾಣುವ ಹೊತ್ತಿಗೆ ಪೊಟ್ಟಣ ಖಾಲಿ. ಅಲ್ಲಲ್ಲಿ ಮೇಲ್ಸೇತುವೆ ಕೆಲಸ ಅಂತ ಸರ್ವಿಸ್ ರೋಡಿಗೆ ಇಳಿಸುತ್ತಾರೆ. ಅದು ಬಿಟ್ಟರೆ ಫ್ಲಾಸ್ಕಿನ ಕಾಫಿ ಲೋಟಕ್ಕೆ ಬಗ್ಗಿಸಿದರೂ ತುಳುಕುವುದಿಲ್ಲ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇವೆ. ಬೈಪಾಸ್ ಅಲ್ವಾ, ನೆನಪಾಗುವಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತದೆ.

ನನ್ನ ತಕರಾರು ಬೇರೆ. ಸುಮಾರು 360 ಕಿಲೋಮೀಟರಿನಲ್ಲಿ ಹೆಂಗಸರು ಧೈರ್ಯವಾಗಿ ಹೋಗುವಂಥ ಶೌಚಾಲಯ ಬೆರಳೆಣಿಕೆ. ಹೋದ ತಿಂಗಳು ರಾಣೆಬೆನ್ನೂರು ದಾಟಿದ ಮೇಲೆ ಒಂದು ಬಂಕಿನಲ್ಲಿ ಎರಡು ಸಾವಿರದ ಪೆಟ್ರೋಲ್ ಹಾಕಿಸಿ ಕೇಳಿದೆ. ಬಾಗಿಲಿಗೆ ಸೈಕಲ್ ಚೈನ್ ಸುತ್ತಿ ಬೀಗ. "ಕೀಲಿ ಮ್ಯಾನೇಜರ್ ಕಡೆ ಐತ್ರೀ ಅಕ್ಕಾರ, ಊಟಕ್ಕ ಹೋಗ್ಯಾರ" ಅಂದ ಹುಡುಗ. ಪಾಪ, ಅವನೇನು ಮಾಡಿಯಾನು. ಜೊತೆಯಲ್ಲಿ ಅತ್ತೆ, ಅವರಿಗೆ ಶುಗರ್. ಹದಿನೈದು ನಿಮಿಷ ಕಾದೆವು. ಬೀಗ ತೆಗೆದರೆ ನಲ್ಲಿಯಲ್ಲಿ ನೀರಿಲ್ಲ! ಅವತ್ತಿನಿಂದ ಡಿಕ್ಕಿಯಲ್ಲಿ ಐದು ಲೀಟರ್ ಕ್ಯಾನ್ ಖಾಯಂ. ನೀವೂ ಇಟ್ಟುಕೊಳ್ಳಿ.

ಮೋಟೆಬೆನ್ನೂರು ಹತ್ತಿರ ಬ್ಯಾಡಗಿ ಕಡೆ ಹೋಗುವ ಮೆಣಸಿನಕಾಯಿ ಲಾರಿ ಹಿಂದೆ ಸಿಕ್ಕಿಕೊಂಡರೆ ಗಾಜು ಏರಿಸಿ. ಅತ್ತೆ ಒಂದೇ ಸಮ ಏಳು ಸಲ ಸೀನಿದ್ದಾರೆ, ಲೆಕ್ಕ ಇಟ್ಟಿದ್ದೇನೆ.

ಹುಬ್ಬಳ್ಳಿ–ಧಾರವಾಡ ಬೈಪಾಸಿಗೆ ಮಾತ್ರ ನಾನು ಮಾರ್ಕ್ಸ್ ಕೊಡುವುದಿಲ್ಲ. ಇಷ್ಟು ದೊಡ್ಡ ಹೈವೇ ಇಲ್ಲಿಗೆ ಬಂದು ಎಷ್ಟೋ ವರ್ಷ ಎರಡೇ ಲೇನಿನಲ್ಲಿ ಓಡಿತು. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಅಪಘಾತವಾಗಿದ್ದು ಇಲ್ಲೇ, ಇಟ್ಟಿಗಟ್ಟಿ ಹತ್ತಿರ. ಆಮೇಲೆ ಅಗಲ ಮಾಡುವ ಕೆಲಸ ಶುರುವಾಯಿತು, ನಿಜ. ಆದರೂ ಇಲ್ಲಿಗೆ ಬಂದರೆ ಇವರು ಹಾಡು ಆಫ್ ಮಾಡುತ್ತಾರೆ. ಅತ್ತೆ ಕಣ್ಣು ಮುಚ್ಚಿಕೊಂಡು ಸಿದ್ಧಗಂಗೆ ಬುದ್ಧಿಯವರನ್ನು ನೆನೆಯಲು ಶುರು ಮಾಡಿದರೆ, ನಿಲ್ಲಿಸುವುದು ಮಗಳ ಹಾಸ್ಟೆಲ್ ಗೇಟು ಬಂತು ಅಂತ ನಾನು ಭುಜ ತಟ್ಟಿದ ಮೇಲೆಯೇ.