ಗ್ಯಾರೇಜಿನ ಎಣ್ಣೆ ನೀರಿಗೆ ಕಬ್ಬಿನ ಸಿಪ್ಪೆಯೋ, ಭತ್ತದ ಹೊಟ್ಟೋ, ಬೂರುಗದ ಅರಳೆಯೋ?

ಪೀಣ್ಯದ ನಿಮ್ಮ ಗ್ಯಾರೇಜಿನ ತೊಟ್ಟಿಯಲ್ಲಿ ತೇಲುವ ಎಣ್ಣೆಗೆ ಏನು ಹಾಕಲಿ ಎಂದು ಕೇಳಿದ್ದೀರಿ. ಖರ್ಚೇ ಮುಖ್ಯವಾದರೆ ಕಬ್ಬಿನ ಸಿಪ್ಪೆ. ಕಬ್ಬಿನ ಹಾಲಿನ ಗಾಡಿಯವರು ಸುಮ್ಮನೆ ಕೊಟ್ಟಾರು. ಆದರೆ ಅದು ಎಣ್ಣೆಯ ಜೊತೆ ನೀರನ್ನೂ ಕುಡಿದು ಮುಳುಗುತ್ತದೆ. ಚೆನ್ನಾಗಿ ಒಣಗಿಸಿ, ಬಲೆಚೀಲದಲ್ಲಿ ಕಟ್ಟಿ ಇಳಿಬಿಟ್ಟು, ಬೇಗ ಎತ್ತಬೇಕು. ಭತ್ತದ ಹೊಟ್ಟು ಹೀರುವುದು ಕಡಿಮೆ. ನೆಲಕ್ಕೆ ಚೆಲ್ಲಿದ ಎಣ್ಣೆ ಗುಡಿಸಲು ಸಾಕು. ಬೂರುಗದ ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಲೇಪ: ನೀರನ್ನು ಒಲ್ಲದು, ತನ್ನ ತೂಕದ ಹಲವು ಪಟ್ಟು ಎಣ್ಣೆ ಹಿಡಿಯುತ್ತದೆ, ಹಿಂಡಿ ಮತ್ತೆ ಬಳಸಬಹುದು. ಇದು ಹೊಲದ ಕಸವಲ್ಲ, ದುಡ್ಡು ಬೇಕು. ದಿನವೂ ಎಣ್ಣೆ ಕಟ್ಟುವ ತೊಟ್ಟಿಗಾದರೆ ನಾನು ಇದನ್ನೇ ಹೇಳುತ್ತೇನೆ. ಸೋಪು ಬೆರೆತು ನೀರು ಹಾಲಿನಂತಾಗಿದ್ದರೆ ಮೂರೂ ಸೋಲುತ್ತವೆ. ಎಣ್ಣೆ ಹೀರಿದ್ದನ್ನು ದಯವಿಟ್ಟು ಸುಡಬೇಡಿ, ರಾಜಕಾಲುವೆಗೆ ಎಸೆಯಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ.