ನೈಟ್ ಡ್ಯೂಟಿ ಮಾಡುವ ಹೆಣ್ಣುಮಕ್ಕಳಿಗೆ ಹಾರ್ಮೋನ್ ಪ್ಯಾಕೇಜ್: ಕೈ ಪಳಗಿದ್ದು, ಹೊತ್ತು ತಪ್ಪಿದ್ದು

ಬೆಳಗಾವಿಯಲ್ಲಿ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬೊಂದರ ಮಹಿಳಾ ಹಾರ್ಮೋನ್ ಪ್ಯಾಕೇಜ್ ಇದು. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್, ಎದೆಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್, ಅಂಡಾಶಯವನ್ನು ನಡೆಸುವ ಎಫ್‌ಎಸ್‌ಎಚ್, ಎಲ್‌ಎಚ್, ಒತ್ತಡದ ಹಾರ್ಮೋನ್ ಕಾರ್ಟಿಸಾಲ್, ಜೊತೆಗೆ ಉಪವಾಸದ ಇನ್ಸುಲಿನ್. ಪಟ್ಟಿಯಲ್ಲಿ ತಪ್ಪು ಹುಡುಕುವಂತಿಲ್ಲ. ರಕ್ತ ತೆಗೆಯುವವರ ಕೈಯೂ ಪಳಗಿದ್ದೇ. ಹಳದಿ ಮುಚ್ಚಳದ ಟ್ಯೂಬನ್ನು ಐದು ಸಲ ಮೆಲ್ಲಗೆ ಮೇಲೆ-ಕೆಳಗೆ ಮಾಡಿ ನೆಟ್ಟಗೆ ನಿಲ್ಲಿಸುತ್ತಾರೆ. ಗಡಬಡಿಸಿ ಕುಲುಕಿದರೆ ರಕ್ತಕಣ ಒಡೆದು ಇನ್ಸುಲಿನ್ ಅಂಕಿ ಸುಳ್ಳೇ ಇಳಿಯುತ್ತದೆ.

ತೊಂದರೆ ಇರುವುದು ಹೊತ್ತಿನಲ್ಲಿ. ಆ್ಯಪ್‌ನಲ್ಲಿ ಸಿಗುವುದು ಮುಂಜಾನೆ 7ರಿಂದ 9 ಮಾತ್ರ. ವಯಸ್ಸು, ವಿಳಾಸ, ಮನೆ ಹತ್ತಿರದ ಗುಡಿ ಯಾವುದು ಎಂಬುದನ್ನೂ ಕೇಳುತ್ತಾರೆ. ಮುಟ್ಟಿನ ಎಷ್ಟನೇ ದಿನ, ರಾತ್ರಿ ಮಲಗಿದ್ದಿರಾ ಎಂದು ಮಾತ್ರ ಕೇಳುವುದಿಲ್ಲ.

ದವಾಖಾನೆಯಿಂದ ನೈಟ್ ಮುಗಿಸಿ ಬಂದ ಸಿಸ್ಟರ್ ಆ ಹೊತ್ತಿಗೆ ಇನ್ನೂ ಕಣ್ಣು ಮುಚ್ಚಿರುವುದಿಲ್ಲ. ಟಿಎಸ್‌ಎಚ್ ರಾತ್ರಿ ಏರುತ್ತದೆ, ನಿದ್ದೆ ಅದನ್ನು ಹಿಡಿದಿಡುತ್ತದೆ. ಎಚ್ಚರವಿದ್ದರೆ ಆ ಹಿಡಿತವಿಲ್ಲ, ಅಂಕಿ ತುಸು ಮೇಲೆಯೇ ಬರುತ್ತದೆ. ಗಡಿಯಂಚಿನಲ್ಲಿದ್ದವರಿಗೆ ಅದೊಂದೇ ರಿಪೋರ್ಟ್ ನೋಡಿ ಥೈರಾಯ್ಡ್ ಮಾತ್ರೆ ಶುರುವಾಗುವುದು ಹೀಗೆ. ಪ್ರೊಲ್ಯಾಕ್ಟಿನ್‌ದು ಉಲ್ಟಾ ಆಟ: ಅದು ನಿದ್ದೆಯಲ್ಲೇ ಏರುವಂಥದ್ದು. ಹಗಲು ಮಲಗಿದವರನ್ನು ಬೆಲ್ ಬಾರಿಸಿ ಎಬ್ಬಿಸಿ ಸೂಜಿ ಚುಚ್ಚಿದರೆ ಹೆಚ್ಚು ತೋರಿಸುತ್ತದೆ. ಎದ್ದು 2–3 ಗಂಟೆ ಕಳೆದ ಮೇಲೆ ಕೊಡಬೇಕು.

ಉಪವಾಸದ ಲೆಕ್ಕವಂತೂ ನಗೆಪಾಟಲು. ರಾತ್ರಿ 2ಕ್ಕೆ ಡಬ್ಬಿಯ ರೊಟ್ಟಿ-ಪಲ್ಯ, 4ಕ್ಕೆ ಸಕ್ಕರೆ ಹಾಕಿದ ಚಹಾ, 8ಕ್ಕೆ ರಕ್ತ. ಇನ್ಸುಲಿನ್‌ಗೆ ಬೇಕಿರುವುದು ಕನಿಷ್ಠ 8 ಗಂಟೆ ಬರೀ ನೀರು.

ರಿಪೋರ್ಟಿನಲ್ಲಿ ಕಾರ್ಟಿಸಾಲ್ ಎದುರು ಅಚ್ಚಾಗಿರುವ ಮುಂಜಾನೆಯ ಮಿತಿ ರಾತ್ರಿ ಮಲಗಿ ಎದ್ದವರದು. ಪಾಳಿ ಬದಲಾಗುತ್ತಿರುವವರ ಮೈ ಗಡಿಯಾರ ಎಲ್ಲಿದೆಯೋ ಆ ಒಂದು ಅಂಕಿಯಿಂದ ತಿಳಿಯದು. ಮೆಲಟೋನಿನ್ ಪಟ್ಟಿಯಲ್ಲಿಲ್ಲ, ಹಾಗೆಂದು ಪ್ಯಾಕೇಜಿಗೆ ಅದೊಂದು ಕೊರತೆಯೂ ಅಲ್ಲ: ಕತ್ತಲಲ್ಲಿ ಹುಟ್ಟಿ ಬೆಳಕಿಗೆ ಅಡಗುವ ಹಾರ್ಮೋನನ್ನು ಮುಂಜಾನೆ 8ಕ್ಕೆ ಅಳೆದು ದುಡ್ಡು ದಂಡ.

ಕೊಡುವುದಾದರೆ ಹೀಗೆ ಕೊಡಿ. ನೈಟ್ ಸರದಿ ಮುಗಿದು, ಎರಡು-ಮೂರು ರಾತ್ರಿ ಸರಿಯಾಗಿ ಮಲಗಿದ ಮೇಲೆ. ಎಫ್‌ಎಸ್‌ಎಚ್, ಎಲ್‌ಎಚ್‌ಗೆ ಮುಟ್ಟಿನ 2ರಿಂದ 5ನೇ ದಿನ. ಡ್ಯೂಟಿ ಲಿಸ್ಟ್ ಹೊಂದದಿದ್ದರೆ ಮುಂದಿನ ತಿಂಗಳಿಗೆ ತಳ್ಳಿ, ಅವಸರವಿಲ್ಲ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ 3 ದಿನ ಮೊದಲೇ ಬಿಡಿ, ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಇಳಿಸುತ್ತದೆ. ಗರ್ಭನಿರೋಧಕ ಗುಳಿಗೆ ನಡೆದಿದ್ದರೆ ಡಾಕ್ಟರಿಗೆ ಮೊದಲು ಹೇಳಿ. ಎಫ್‌ಎಸ್‌ಎಚ್, ಎಲ್‌ಎಚ್ ಎರಡನ್ನೂ ಅದು ತಗ್ಗಿಸಿಟ್ಟಿರುತ್ತದೆ. ಕೊನೆಯ ನೈಟ್ ಯಾವತ್ತು, ಎಷ್ಟಕ್ಕೆ ಎದ್ದಿರಿ ಎಂಬುದನ್ನು ರಿಪೋರ್ಟ್ ಮೇಲೆ ಪೆನ್ನಿನಲ್ಲೇ ಬರೆದುಕೊಳ್ಳಿ.

ಐದಕ್ಕೆ ಮೂರು ಅಂಕ. ಆ್ಯಪ್ ಬಿಟ್ಟು ಫೋನ್ ಹಚ್ಚಿ ಕೇಳಿದರೆ ಹತ್ತೂವರೆಗೂ ಬರುತ್ತಾರೆ.